ಗೆದ್ದವರು ನಾವು

2011ನೆಯ ಇಸವಿಯ ಏಪ್ರಿಲ್ 18ರಂದು ನಾನೂ ನನ್ನ ಹೆಂಡತಿಯೂ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರೋಣವೆಂದು ಕೆನಡಾ ದೇಶಕ್ಕೆ ಹೋಗಿ ಇಳಿದೆವು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಆಗತಾನೆ ನಿವೃತ್ತನಾಗಿದ್ದ ನನಗೆ ಅದೇ ಮೊದಲ ವಿದೇಶ ಪ್ರವಾಸ. ಮಗಳ ಸಂಸಾರವಿದ್ದದ್ದು ಪಶ್ಚಿಮ ತೀರದ ವ್ಯಾಂಕೂವರ್ ನಗರದ ಮಗ್ಗುಲಿಗೇ ಇರುವ ಸರ್ರೆ ಎಂಬ ಊರಿನಲ್ಲಿ. ವಿಮಾನ ನಿಲ್ದಾಣದಿಂದ ಮನೆಗೆ ಹೋಗುವಾಗ ದಾರಿಯಲ್ಲಿ ಕಂಡ ಎಷ್ಟೋ ಕಾರುಗಳ ಕಿಟಕಿಗಳಲ್ಲಿ ನೀಲಿ ಬಣ್ಣದ ಪುಟ್ಟ ಬಾವುಟಗಳು ಪಟಪಟ ಹಾರುತ್ತಿದ್ದವು. ಚುನಾವಣೆ ಇರಬೇಕೆಂದುಕೊಂಡೆ. ಚುನಾವಣೆ ಇದ್ದದ್ದೂ ಸುಳ್ಳಲ್ಲ. ಮೇ 2ರಂದು ಆ ದೇಶದ ಸಂಸತ್ತಿಗೆ ಮತದಾನ ನಡೆಯಿತು. ಆದರೆ ಆ ಬಾವುಟಗಳು ಯಾವ ಪಕ್ಷಕ್ಕೂ ಸೇರಿದವಲ್ಲ.

“ಕನಕ್ಸ್, ತಾತ” ಎಂದ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹದಿನಾರು ವರ್ಷದ ಮೊಮ್ಮಗ. ನನ್ನ ಕಿವಿಗೆ ‘ಕನಕ’ ಎಂದೇ ಬಿದ್ದಿತು. ಕಾಗಿನೆಲೆಯ ದಾಸರಿಗೂ ಈ ಊರಿಗೂ ಎಲ್ಲಿಯ ನಂಟು ಎಂದು ನಾನು ಬೆರಗಾಗುತ್ತಿರುವಷ್ಟರಲ್ಲಿ, ಕನಕ್ ಎಂದರೆ ಆ ದೇಶದವರು ತಮ್ಮನ್ನು ತಾವೇ ಸಲಿಗೆಯಿಂದ ಕರೆದುಕೊಳ್ಳುವ ಹೆಸರೆಂದೂ, ವ್ಯಾಂಕೂವರಿನ ಐಸ್ ಹಾಕಿ ತಂಡ ಆ ಹೆಸರನ್ನು ಇಟ್ಟುಕೊಂಡಿದೆಯೆಂದೂ ಅವನು ವಿವರಿಸಿದ. ಕಾರು ನಡೆಸುತ್ತಿದ್ದ ನನ್ನ ಅಳಿಯನ ಮುಖದಲ್ಲಿ ಐದಾರು ದಿನದ ಗಡ್ಡ ಬೆಳೆದಿದ್ದಿತು. ನನ್ನ ಹೆಂಡತಿ ಮಗಳ ಕಿವಿಯಲ್ಲಿ, “ಅಳಿಯಂದಿರಿಗೆ ಮೈಯಲ್ಲಿ ಚೆನ್ನಾಗಿಲ್ಲವೇನೇ?” ಎಂದು ಕೇಳಿದಳು. “ಚೆನ್ನಾಗಿದ್ದಾರಮ್ಮ. ಅದು ವ್ರತ” ಎಂದು ಮಗಳು ನಿಟ್ಟುಸಿರುಬಿಟ್ಟಳು. ಪ್ರಶಸ್ತಿಯ ಪಂದ್ಯಗಳು ಆರಂಭವಾದ ದಿನದಿಂದ, ತಂಡ ಗೆಲ್ಲುವವರೆಗೆ ಅಥವಾ ಸೋತು ಹೊರಬೀಳುವವರೆಗೆ ಆಟಗಾರರು ಮುಖಕ್ಷೌರ ಮಾಡಿಸಿಕೊಳ್ಳುವುದಿಲ್ಲವಂತೆ. ಅವರ ಹಿಂದೆ ಅಭಿಮಾನಿಗಳೂ ಗಡ್ಡ ಬಿಡುತ್ತಾರೆ. ನಮ್ಮಲ್ಲಿ ಶಬರಿಮಲೆಗೆ ಹೋಗುವವರಿಗಾದರೂ ವ್ರತ ಯಾವ ದಿನ ಮುಗಿಯುವುದೆಂದು ಗೊತ್ತಿರುತ್ತದೆ.

ಓದುಗರಲ್ಲಿ ಬಹುಮಂದಿ ಈ ಆಟವನ್ನು ಕಂಡಿರಲಾರರಾದ್ದರಿಂದ ಎರಡು ಮಾತು ಹೇಳಬೇಕು. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜುಗಡ್ಡೆಯ ಅಂಗಳ. ಒಂದೊಂದು ಕಡೆಗೆ ಆರು ಜನ, ಕಾಲಿಗೆ ಅಲಗಿನ ಪಾದರಕ್ಷೆ, ಕೈಯಲ್ಲಿ ಕೋಲು. ಚೆಂಡಿಗೆ ಬದಲು ಮೂರಂಗುಲ ಅಗಲ, ಒಂದಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದನ್ನು ಪಕ್ ಎನ್ನುತ್ತಾರೆ. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಅವಧಿ. ಮೈಗೆ ಮೈ ತಾಕಿಸಿ ಎದುರಾಳಿಯನ್ನು ಗೋಡೆಗೆ ನೂಕುವುದು ಇಲ್ಲಿ ತಪ್ಪಲ್ಲ. ನಾನು ಮೈಸೂರಿನಲ್ಲೂ ಕೊಡಗಿನಲ್ಲೂ ಕಂಡು ಮೆಚ್ಚಿದ್ದ ಹುಲ್ಲಿನ ಮೇಲಿನ ಹಾಕಿಗೂ ಇದಕ್ಕೂ ಹೆಸರಿನ ಸಾಮ್ಯವನ್ನು ಬಿಟ್ಟರೆ ಹೆಚ್ಚಿನ ಬಳಕೆಯಿಲ್ಲ. ಎಂಬತ್ತೆರಡು ಪಂದ್ಯಗಳ ಋತು ಮುಗಿದ ತರುವಾಯ ಹದಿನಾರು ತಂಡಗಳು ಉಳಿಯುತ್ತವೆ. ಇಬ್ಬಿಬ್ಬರಂತೆ ಸೆಣಸಿ, ಏಳು ಪಂದ್ಯಗಳಲ್ಲಿ ನಾಲ್ಕನ್ನು ಮೊದಲು ಗೆದ್ದವರು ಮುಂದಕ್ಕೆ ಹೋಗುತ್ತಾರೆ. ಹೀಗೆ ನಾಲ್ಕು ಸುತ್ತು, ಹದಿನಾರು ಗೆಲುವು. ಕೊನೆಗೆ ದೊರೆಯುವುದು ಸ್ಟಾನ್ಲಿ ಕಪ್ ಎಂಬ ಬೆಳ್ಳಿಯ ಪಾತ್ರೆ. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟಾನ್ಲಿ 1892ರಲ್ಲಿ ಅದನ್ನು ಕೊಡುಗೆಯಾಗಿ ಕೊಟ್ಟು, ಮರುವರ್ಷ ಅದಕ್ಕಾಗಿ ನಡೆಯುವ ಒಂದು ಪಂದ್ಯವನ್ನೂ ನೋಡದೆ ಇಂಗ್ಲೆಂಡಿಗೆ ಮರಳಿದನು. ವ್ಯಾಂಕೂವರಿನ ಸಮುದ್ರದಂಡೆಯ ದೊಡ್ಡ ಉದ್ಯಾನಕ್ಕೂ ಅವನದೇ ಹೆಸರು. ಹೆಸರು 1888ರಿಂದಲೂ ಊರಿನಲ್ಲಿದೆ. ಕಪ್ಪು ಮಾತ್ರ ಕನಕ್ಸ್ ತಂಡದ ಕೈಗೆ ಒಮ್ಮೆಯೂ ಬಂದಿರಲಿಲ್ಲ. 1970ರಲ್ಲಿ ಲೀಗಿಗೆ ಸೇರಿದ ತಂಡ ಅದು. 1982ರಲ್ಲೂ 1994ರಲ್ಲೂ ಕೊನೆಯ ಸುತ್ತಿನವರೆಗೆ ಹೋಗಿ ಸೋತಿತ್ತು. ನಲವತ್ತನೆಯ ವಾರ್ಷಿಕೋತ್ಸವದ ಈ ವರ್ಷ ಐವತ್ತನಾಲ್ಕು ಪಂದ್ಯ ಗೆದ್ದು ಮೂವತ್ತು ತಂಡಗಳಲ್ಲಿ ಮೊದಲನೆಯದಾಗಿ ನಿಂತಿದ್ದಿತು. ಊರಿಗೆ ಊರೇ ಈ ಸಲ ಬಿಡಬಾರದೆಂದು ಹಟ ತೊಟ್ಟಂತೆ ಕಾಣುತ್ತಿತ್ತು.

ಮೊದಲ ಸುತ್ತಿನಲ್ಲಿ ಎದುರಾಳಿ ಷಿಕಾಗೊ. ಹಿಂದಿನ ಎರಡು ವರ್ಷವೂ ಕನಕ್ಸರನ್ನು ಮನೆಗೆ ಕಳುಹಿಸಿದ್ದ ತಂಡವೇ ಅದು. ನಾವು ಹೋಗಿ ಇಳಿಯುವ ವೇಳೆಗೆ ಮೂರು ಪಂದ್ಯಗಳು ಮುಗಿದಿದ್ದು, ಮೂರನ್ನೂ ಕನಕ್ಸ್ ಗೆದ್ದಿದ್ದರು. ಇನ್ನೊಂದು ಸಾಕು. ನಾವು ಬಂದ ಮರುದಿನ ಅವರು ಏಳಕ್ಕೆ ಎರಡರಂತೆ ಸೋತರು. ಅದಾದ ಎರಡನೆಯ ದಿನ ಐದಕ್ಕೆ ಸೊನ್ನೆ. ಅದಾದ ಮೂರನೆಯ ದಿನ ಮತ್ತೊಂದು ಸೋಲು. ಮೂರಕ್ಕೆ ಮೂರು ಸಮನಾಯಿತು. ನನ್ನ ಅಳಿಯ ಮರ್ಯಾದಸ್ಥ. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಮೊಮ್ಮಗನಿಗೆ ಆ ಸಂಕೋಚವಿರಲಿಲ್ಲ. “ಅಜ್ಜಿ, ನೀವು ಬರೋವರೆಗೂ ನಾವು ಗೆಲ್ಲುತ್ತಾ ಇದ್ದೆವು” ಎಂದುಬಿಟ್ಟ. ಅವಳು ಪಾಪ, ಮುಂದಿನ ಪಂದ್ಯದ ದಿನ ದೂರದರ್ಶನವಿದ್ದ ಕೋಣೆಗೆ ಕಾಲಿಡದೆ ಅಡಿಗೆಮನೆಯಲ್ಲೇ ಕುಳಿತಳು.

ನನ್ನ ಮನಸ್ಸು ಸಿಕ್ಕಿಕೊಂಡದ್ದು ಅವನ ಆ ‘ನಾವು’ ಎಂಬ ಮಾತಿನಲ್ಲಿ. ಗೆಲ್ಲುತ್ತಿದ್ದವರು ಯಾರು? ಆಡುವವರಲ್ಲಿ ಮುಖ್ಯರಾದ ಡೇನಿಯಲ್ ಸೆಡಿನ್, ಹೆನ್ರಿಕ್ ಸೆಡಿನ್ ಎಂಬ ಅವಳಿ ಸೋದರರು ಸ್ವೀಡನ್ ದೇಶದವರು. ಗೋಲು ಕಾಯುವ ರೊಬೆರ್ಟೊ ಲುವಾಂಗೊ ಮಾಂಟ್ರಿಯಾಲಿನವನು. ಎಲ್ಲರೂ ಸಂಬಳಕ್ಕೆ ಆಡುವವರು. ಇಂದು ಇಲ್ಲಿ, ನಾಳೆ ಬೇರೊಂದು ಊರಿನ ಅಂಗಿ ತೊಟ್ಟು ಇದೇ ಊರಿನ ವಿರುದ್ಧ ಆಡಬಲ್ಲವರು. ಮೊಮ್ಮಗನಾದರೋ ಮೈಸೂರಿನಲ್ಲಿ ಹುಟ್ಟಿ, ಐದು ವರ್ಷದವನಾಗಿದ್ದಾಗ ಆ ದೇಶಕ್ಕೆ ಹೋದವನು. ಮಂಜಿನ ಮೇಲೆ ನೆಟ್ಟಗೆ ನಿಲ್ಲಲಾರ. ಆದರೂ ‘ನಾವು’. ವ್ಯಾಕರಣ ಹೇಳಿದವನ ಚಪಲಕ್ಕೆ ನಾನು ಅವನನ್ನು ಕೇಳಿದೆ: “ನಾವು ಎಂದರೆ ಯಾರೋ? ನಾನೂ ಸೇರಿದ್ದೇನೆಯೆ?” ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಮಿಳಿನಲ್ಲಿ ಎದುರಿಗಿರುವವನನ್ನು ಸೇರಿಸಿಕೊಂಡು ಹೇಳುವಾಗ ‘ನಾಮ್’, ಅವನನ್ನು ಬಿಟ್ಟು ಹೇಳುವಾಗ ‘ನಾಂಗಳ್’. ತೆಲುಗಿನಲ್ಲಿ ‘ಮನಂ’ ಬೇರೆ, ‘ಮೇಮು’ ಬೇರೆ. ಇಂದಿನ ನಮ್ಮ ಕನ್ನಡಕ್ಕೆ ಆ ಭೇದವಿಲ್ಲ. ಒಂದೇ ‘ನಾವು’ ಬಾಗಿಲು ತೆರೆಯುವುದಕ್ಕೂ ಆಗುತ್ತದೆ, ಮುಚ್ಚುವುದಕ್ಕೂ ಆಗುತ್ತದೆ. ಇದನ್ನೆಲ್ಲ ನಾನು ಅವನಿಗೆ ಹೇಳುತ್ತಿದ್ದಂತೆ ಪಂದ್ಯ ಆರಂಭವಾಯಿತು. ನನ್ನ ಭಾಷಾಶಾಸ್ತ್ರವನ್ನು ಕೇಳುವವರು ಯಾರೂ ಉಳಿಯಲಿಲ್ಲ.

ಏಪ್ರಿಲ್ 26ರ ಆ ಏಳನೆಯ ಪಂದ್ಯವನ್ನು ನಾನು ಮರೆಯಲಾರೆ. ಆರಂಭದ ನಿಮಿಷಗಳಲ್ಲೇ ಅಲೆಕ್ಸಾಂಡರ್ ಬರೋಸ್ ಎಂಬಾತ ಒಂದು ಗೋಲು ಹೊಡೆದ. ಆಮೇಲೆ ಗೋಲೇ ಇಲ್ಲ. ಮೂರನೆಯ ಅವಧಿಯ ಮೊದಲಲ್ಲೇ, ಗೋಲು ಕಾಯುವವನೊಬ್ಬನನ್ನುಳಿದು ಬೇರಾರೂ ಅಡ್ಡವಿಲ್ಲದ ಒಂದು ಅವಕಾಶ ಅದೇ ಬರೋಸನಿಗೆ ದೊರೆಯಿತು. ಅದನ್ನು ಅವನು ಕಳೆದುಕೊಂಡ. ಇನ್ನು ಎರಡು ನಿಮಿಷಕ್ಕೂ ಕಡಿಮೆ ಉಳಿದಿದೆ, ಷಿಕಾಗೊ ಕಡೆ ಒಬ್ಬ ಆಟಗಾರ ದಂಡನೆಗೊಳಗಾಗಿ ಹೊರಗೆ ಕುಳಿತಿದ್ದಾನೆ, ಇನ್ನೇನು ಮುಗಿಯಿತು ಎನ್ನುವಾಗ ಅವರ ನಾಯಕ ಜೊನಾಥನ್ ಟೇವ್ಸ್ ಗೋಲು ಹೊಡೆದು ಸಮ ಮಾಡಿದ. ಮನೆಯಲ್ಲಿ ಸಾವಿನ ಮೌನ. ಹೆಚ್ಚಿನ ವೇಳೆಯ ಆಟದ ನಿಯಮವೆಂದರೆ, ಯಾರು ಮೊದಲು ಗೋಲು ಹೊಡೆಯುವರೋ ಅವರು ಗೆದ್ದಂತೆ. ಅಲ್ಲಿಗೆ ಆಟ ಮುಗಿಯಿತು. ಐದು ನಿಮಿಷ ಕಳೆದಿರಬೇಕು. ಗಾಳಿಯಲ್ಲಿ ಬರುತ್ತಿದ್ದ ಬಿಲ್ಲೆಯನ್ನು ಬರೋಸ್ ಕೈಯಿಂದ ತಡೆದು ಕೆಳಗೆ ಕೆಡವಿ, ಎರಡು ಹೆಜ್ಜೆ ಮುಂದೆ ಜಾರಿ, ಗೋಲು ಕಾಯುವವನ ಭುಜದ ಮೇಲಿನಿಂದ ಹೊಡೆದ. ಅಳಿಯ ನೆಟ್ಟಗೆ ಅಡಿಗೆಮನೆಗೆ ಓಡಿಹೋಗಿ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದ. ಅವಳ ಮೇಲಿನ ಆರೋಪ ಅಂದು ರದ್ದಾಯಿತು. ನನ್ನ ಕಣ್ಣಿನಲ್ಲೂ ನೀರಿದ್ದಿತೆಂದು ಹೇಳಲು ಈಗ ನಾಚಿಕೆಯೇನಿಲ್ಲ. ಅದುವರೆಗೆ ಹೆಸರೂ ಕೇಳಿರದ ಒಬ್ಬ ಮನುಷ್ಯ, ಅರ್ಥವೂ ಪೂರ್ತಿ ಆಗದ ಒಂದು ಆಟ. ರಸಾನುಭವದಲ್ಲಿ ಭಾವ ನನ್ನದೂ ಅಲ್ಲ, ಪರರದೂ ಅಲ್ಲ, ಎಲ್ಲರಿಗೂ ಸಾಧಾರಣವಾಗಿಬಿಡುತ್ತದೆ ಎಂದು ಭಟ್ಟನಾಯಕನ ಮಾತನ್ನು ವರ್ಷವರ್ಷವೂ ಹುಡುಗರಿಗೆ ಬರೆಸಿದ್ದೆ. ಅದು ಹೀಗೂ ಬಂದೀತೆಂದು ಎಣಿಸಿರಲಿಲ್ಲ.

ಆ ರಾತ್ರಿಯೇ ನೆರೆಮನೆಯ ಸರದಾರ್‌ಜಿ ನಮ್ಮನ್ನೆಲ್ಲ ಎಬ್ಬಿಸಿಕೊಂಡು ಸ್ಕಾಟ್ ರೋಡಿಗೆ ನಡೆದರು. ಆ ರಸ್ತೆಯೂ ಎಪ್ಪತ್ತೆರಡನೆಯ ಅವೆನ್ಯೂವೂ ಕೂಡುವ ಮೂಲೆಯಲ್ಲಿ ಜನವೋ ಜನ. ಬಹುಪಾಲು ಪಂಜಾಬಿಗಳು. ಢೋಲು ಬಾರಿಸುವವರು, ತೋಳೆತ್ತಿ ಭಾಂಗ್ಡಾ ಕುಣಿಯುವವರು, ನೀಲಿ ಅಂಗಿಯ ಮೇಲೆ ನೀಲಿ ಪಗಡಿ ಸುತ್ತಿದವರು, ಕಾರುಗಳ ಕೊಂಬಿನ ಸದ್ದು. ಮುಂದಿನ ಒಂದೊಂದು ಗೆಲುವಿಗೂ ಆ ಮೂಲೆಯಲ್ಲಿ ಇದೇ ಜಾತ್ರೆ. ಕೆನಡಾದಲ್ಲಿ 2008ರಿಂದ ಹಾಕಿಯ ವರದಿಯನ್ನು ಪಂಜಾಬಿ ಭಾಷೆಯಲ್ಲೂ ಪ್ರಸಾರ ಮಾಡತೊಡಗಿದ್ದರೆಂದು ಸರದಾರ್‌ಜಿ ಹೆಮ್ಮೆಯಿಂದ ಹೇಳಿದರು. ಅವರು ಬಂದದ್ದು ತಂಡ ಲೀಗಿಗೆ ಸೇರಿದ 1970ರಲ್ಲೇ. ಮೂವತ್ತು ವರ್ಷ ಮರದ ಕಾರ್ಖಾನೆಯಲ್ಲಿ ದುಡಿದವರು, ರೇಡಿಯೋದಲ್ಲಿ ಹಾಕಿ ಕೇಳಿಯೇ ಇಂಗ್ಲಿಷು ಕಲಿತವರು. ಅವರ ಮಾತೂ ‘ಹಮ್’ ಎಂದೇ ಮೊದಲಾಗುತ್ತಿದ್ದಿತು.

ಒಂದು ದಿನ ಸಂಜೆ ಅವರು ನನ್ನನ್ನು ಬಂದರಿನ ಕಡೆಗೆ ಕರೆದೊಯ್ದರು. 1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಎಂಬ ಹಡಗು ಆ ನೀರಿನಲ್ಲಿ ಲಂಗರು ಹಾಕಿ ನಿಂತಿತ್ತು. ಅದರಲ್ಲಿದ್ದ 376 ಮಂದಿಯಲ್ಲಿ ಬಹುಪಾಲು ಸಿಖ್ಖರು. ಇಪ್ಪತ್ತು ಚಿಲ್ಲರೆ ಜನರನ್ನು ಬಿಟ್ಟು ಉಳಿದವರಾರನ್ನೂ ದಡಕ್ಕೆ ಇಳಿಯಗೊಡದೆ ಎರಡು ತಿಂಗಳು ನಿಲ್ಲಿಸಿಕೊಂಡು, ಜುಲೈನಲ್ಲಿ ಹಿಂದಕ್ಕೆ ಅಟ್ಟಿದರು. “ಅದರ ಮರುವರ್ಷವೇ ಈ ಊರು ಸ್ಟಾನ್ಲಿ ಕಪ್ ಗೆದ್ದದ್ದು, ಪ್ರೊಫೆಸರ್ ಸಾಹೇಬ್” ಎಂದರು ಅವರು. ಮಾತು ನಿಜ. 1915ರಲ್ಲಿ ವ್ಯಾಂಕೂವರ್ ಮಿಲಿಯನೇರ್ಸ್ ಎಂಬ ಹಳೆಯ ತಂಡವೊಂದು ಆಟವಾವನ್ನು ಸೋಲಿಸಿ ಕಪ್ಪನ್ನು ಗಳಿಸಿತ್ತು. ಆ ಪ್ರಾಂತದಲ್ಲಿ ಭಾರತೀಯರಿಗೆ ಮತದ ಹಕ್ಕು ಬಂದದ್ದೇ 1947ರಲ್ಲಿ. 1915ರ ಗೆಲುವಿನ ರಾತ್ರಿ ಊರಿನವರು ‘ನಾವು’ ಎಂದು ಕೂಗಿರಬೇಕಲ್ಲವೆ? ಸ್ಕಾಟ್ ರೋಡಿನ ಢೋಲಿನ ಸದ್ದಿಗೆ ಆ ನೀರಿನ ಎದುರು ನಿಂತಾಗ ಬೇರೆಯೇ ಅರ್ಥ ಕೇಳಿಸಿತು. ಅಂದಿನಿಂದ ನಾನು ಮೊಮ್ಮಗನ ಸರ್ವನಾಮವನ್ನು ತಿದ್ದುವುದನ್ನು ಬಿಟ್ಟೆ.

ನ್ಯಾಷ್ವಿಲ್ಲಿನ ಸುತ್ತು ಹೆಚ್ಚು ಸದ್ದಿಲ್ಲದೆ ಕಳೆಯಿತು. ಸ್ಯಾನ್ ಹೊಸೆಯ ಸುತ್ತಿನ ಕೊನೆ ಮಾತ್ರ ವಿನೋದ. ಮೇ 24ರಂದು ಎರಡನೆಯ ಹೆಚ್ಚಿನ ಅವಧಿಯಲ್ಲಿ ಬಿಲ್ಲೆ ಗಾಜಿನ ಗೋಡೆಯ ಸಂದಿನ ಕಂಬಕ್ಕೆ ತಗುಲಿ ಎತ್ತಲೋ ಚಿಮ್ಮಿತು. ಆಟಗಾರರು, ಗೋಲು ಕಾಯುವವನು, ತೀರ್ಪುಗಾರರು, ಕ್ಯಾಮರಾ, ನಾವು, ಎಲ್ಲರೂ ಅದನ್ನು ಬೇರೆ ಕಡೆ ಹುಡುಕುತ್ತಿರುವಾಗ ಕೆವಿನ್ ಬಿಯೆಕ್ಸ ಒಬ್ಬನಿಗೆ ಅದು ಕಂಡಿತು. ಅವನು ಮೆಲ್ಲಗೆ ಹೊಡೆದ. ಹದಿನೇಳು ವರ್ಷಗಳ ಮೇಲೆ ತಂಡ ಕೊನೆಯ ಸುತ್ತಿಗೆ ಬಂದಿತು.

ಕೊನೆಯ ಎದುರಾಳಿ ಅಮೆರಿಕದ ಬಾಸ್ಟನ್. ಜೂನ್ 1ರಂದು ಮೊದಲ ಪಂದ್ಯ. ಹತ್ತೊಂಬತ್ತು ಸೆಕೆಂಡು ಉಳಿದಿರುವಾಗ ಬಂದ ಒಂದೇ ಗೋಲಿನಿಂದ ಗೆಲುವು. ಎರಡನೆಯದನ್ನು ಹೆಚ್ಚಿನ ಅವಧಿಯ ಹನ್ನೊಂದನೆಯ ಸೆಕೆಂಡಿನಲ್ಲಿ ಅದೇ ಬರೋಸ್ ಗೆದ್ದುಕೊಟ್ಟ. ಆದರೆ ಆ ಎರಡನೆಯ ಪಂದ್ಯದಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಗೋಲಲ್ಲ. ಮ್ಯಾನಿ ಮಲ್ಹೋತ್ರಾ ಎಂಬ ಆಟಗಾರನೊಬ್ಬನಿದ್ದ. ಒಂಟೇರಿಯೊ ಪ್ರಾಂತದಲ್ಲಿ ಹುಟ್ಟಿದವನು, ತಂದೆ ಭಾರತೀಯ ಮೂಲದವರು, ತಾಯಿ ಫ್ರೆಂಚ್ ಕೆನಡಾದವರು. ಮಾರ್ಚ್ 16ರಂದು ಬಿಲ್ಲೆ ಅವನ ಎಡಗಣ್ಣಿಗೆ ಬಡಿದು, ಶಸ್ತ್ರಚಿಕಿತ್ಸೆಗಳಾದರೂ ದೃಷ್ಟಿ ಬಹುಮಟ್ಟಿಗೆ ಹೋಗಿಬಿಟ್ಟಿತ್ತು. ಆ ಋತುವಿನಲ್ಲಿ ಅವನು ಇನ್ನು ಆಡುವುದಿಲ್ಲವೆಂದೇ ತಂಡದವರು ಪ್ರಕಟಿಸಿದ್ದರು. ಜೂನ್ 4ರಂದು ಮುಖಕ್ಕೆ ಕಾಪು ಕಟ್ಟಿಕೊಂಡು ಅವನು ಅಂಗಳಕ್ಕೆ ಇಳಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಬಿಳಿಯ ಟವಲುಗಳು ಸಮುದ್ರದ ನೊರೆಯಂತೆ ಮೇಲೆದ್ದವು. ಆ ಟವಲಿಗೂ ಒಂದು ಕಥೆಯಿದೆ. 1982ರಲ್ಲಿ ತೀರ್ಪುಗಾರರ ಪಕ್ಷಪಾತಕ್ಕೆ ಬೇಸತ್ತ ತರಬೇತುದಾರ ರೋಜರ್ ನೀಲ್ಸನ್, ಶರಣಾದವನ ಹಾಗೆ ಕೋಲಿನ ತುದಿಗೆ ಬಿಳಿಯ ಟವಲು ಸಿಕ್ಕಿಸಿ ಎತ್ತಿ ಹಿಡಿದ. ಮುಂದಿನ ಪಂದ್ಯಕ್ಕೆ ಊರಿನವರೆಲ್ಲ ಟವಲು ತಂದರು. ಅಣಕದ ಶರಣಾಗತಿ ಹೀಗೆ ಊರಿನ ಪತಾಕೆಯಾಯಿತು. ಮಲ್ಹೋತ್ರಾ ಬಂದಾಗ ಸರದಾರ್‌ಜಿ ಏನೂ ಕೂಗಲಿಲ್ಲ. ಟವಲಿನಲ್ಲಿ ಮುಖ ಮುಚ್ಚಿಕೊಂಡು ಕುಳಿತರು.

ಇಷ್ಟು ಹೇಳಿದವನು ಇನ್ನೊಂದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಮೊದಲ ಪಂದ್ಯದಲ್ಲಿ ನಮ್ಮ ಬರೋಸ್ ಎದುರಾಳಿ ಪಾಟ್ರಿಸ್ ಬೆರ್ಜೆರಾನನ ಬೆರಳನ್ನು ಕಚ್ಚಿದನೆಂದು ದೂರು ಬಂದಿತು. ಚಿತ್ರದಲ್ಲಿ ನೋಡಿದ ನನಗೆ ಸಂಶಯ ಉಳಿಯಲಿಲ್ಲ. ಆದರೆ ಲೀಗಿನವರು ಶಿಕ್ಷಿಸಲಿಲ್ಲ. ಮೂರನೆಯ ಪಂದ್ಯದಲ್ಲಿ ನಮ್ಮ ಏರನ್ ರೋಮ್, ಬಾಸ್ಟನ್ನಿನ ನೇಥನ್ ಹಾರ್ಟನ್ ಬಿಲ್ಲೆಯನ್ನು ದಾಟಿಸಿಬಿಟ್ಟ ಮೇಲೆ ಅವನಿಗೆ ಡಿಕ್ಕಿ ಹೊಡೆದ. ಹಾರ್ಟನ್ನನ್ನು ಹೊತ್ತುಕೊಂಡು ಹೋಗಬೇಕಾಯಿತು. ರೋಮನಿಗೆ ನಾಲ್ಕು ಪಂದ್ಯಗಳ ನಿಷೇಧವಾಯಿತು. ಈ ಎರಡರ ವಿಚಾರದಲ್ಲೂ ನಮ್ಮ ಮನೆಯ ನ್ಯಾಯಾಲಯ ಬರೋಸನನ್ನೂ ರೋಮನನ್ನೂ ಐದೇ ನಿಮಿಷದಲ್ಲಿ ಖುಲಾಸೆ ಮಾಡಿತು. ‘ಬೆರಳನ್ನು ಬಾಯಿಗೆ ಇಟ್ಟವನದೇ ತಪ್ಪು’ ಎಂದ ಅಳಿಯ ವೃತ್ತಿಯಿಂದ ಲೆಕ್ಕಪರಿಶೋಧಕ. ಒಂದು ಕಾಸಿನ ಸುಳ್ಳನ್ನು ಸಹಿಸುವವನಲ್ಲ. ನಾನೂ ತಲೆಯಾಡಿಸಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಬಾಸ್ಟನ್ನಿಗೆ ಹೋದಾಗಲೆಲ್ಲ ತಂಡ ಕುಸಿಯಿತು. ಅಲ್ಲಿನ ಮೂರು ಪಂದ್ಯಗಳಲ್ಲಿ ಕನಕ್ಸ್ ಬಿಟ್ಟುಕೊಟ್ಟದ್ದು ಎಂಟು, ನಾಲ್ಕು, ಐದು, ಒಟ್ಟು ಹದಿನೇಳು ಗೋಲು, ಹೊಡೆದದ್ದು ಮೂರು. ತಮ್ಮ ಊರಿನಲ್ಲಿ ಆಡಿದ ಮೂರನ್ನೂ ಒಂದೊಂದೇ ಗೋಲಿನ ಅಂತರದಿಂದ ಗೆದ್ದರು. ಹೀಗೆ ಮೂರಕ್ಕೆ ಮೂರಾಗಿ, ಜೂನ್ 15ರ ಬುಧವಾರ ವ್ಯಾಂಕೂವರಿನಲ್ಲೇ ಕೊನೆಯ ಪಂದ್ಯ.

ಜಾರ್ಜಿಯಾ ಬೀದಿಯಲ್ಲಿ ದೊಡ್ಡ ತೆರೆಗಳನ್ನು ಕಟ್ಟಿ ಜನರಿಗೆ ಆಟ ತೋರಿಸುತ್ತಿದ್ದರು. ಮೊಮ್ಮಗ ಗೆಳೆಯರೊಡನೆ ಅಲ್ಲಿಗೆ ಹೋಗುವೆನೆಂದ. ಮಗಳಿಗೆ ಇಷ್ಟವಿರಲಿಲ್ಲ. ಸರದಾರ್‌ಜಿಯೂ ಬೇಡವೆಂದರು. 1994ರ ಜೂನ್ 14ರಂದು ನ್ಯೂಯಾರ್ಕಿನಲ್ಲಿ ಏಳನೆಯ ಪಂದ್ಯ ಸೋತ ರಾತ್ರಿ ರಾಬ್ಸನ್ ಬೀದಿಯಲ್ಲಿ ನಡೆದ ಗಲಭೆ ಅವರಿಗೆ ನೆನಪಿದ್ದಿತು. ಅಳಿಯ, ಹಿಂದಿನ ವರ್ಷ ಒಲಿಂಪಿಕ್ಸಿನಲ್ಲಿ ಕೆನಡಾ ಹಾಕಿಯ ಚಿನ್ನ ಗೆದ್ದ ರಾತ್ರಿ ಜನ ಅದೇ ಬೀದಿಗಳಲ್ಲಿ ಹಾಡಿ ಕುಣಿದು ಮನೆಗೆ ಹೋಗಲಿಲ್ಲವೆ ಎಂದ. ವಾದ ಸಮಸಮನಾಗಿತ್ತು. ಆಗ ಮಾತನಾಡಿದವನು ನಾನು. “ಹೋಗಿ ಬರಲಿ ಬಿಡಮ್ಮ. ಇಂಥ ದಿನ ಮತ್ತೆ ಯಾವಾಗ ಬರುತ್ತದೋ” ಎಂದೆ. ತಂದೆಯ ಮಾತಿಗೆ ಎದುರಾಡುವ ಅಭ್ಯಾಸ ನನ್ನ ಮಗಳಿಗೆ ಇರಲಿಲ್ಲ.

ಆಟ ಸಂಜೆ ಐದು ಗಂಟೆಗೆ ಮೊದಲಾಯಿತು. ಬೆರ್ಜೆರಾನ್ ಒಂದು, ಬ್ರಾಡ್ ಮಾರ್ಷಂಡ್ ಒಂದು, ಮತ್ತೆ ಬೆರ್ಜೆರಾನ್ ಒಂದು. ಕಚ್ಚಿಸಿಕೊಂಡ ಬೆರಳಿನವನು ಅವನೇ. ಕೊನೆಗೆ ಮಾರ್ಷಂಡ್ ಇನ್ನೊಂದು. ನಮ್ಮವರು ಎಷ್ಟು ಹೊಡೆದರೂ ಬಾಸ್ಟನ್ನಿನ ಗೋಲು ಕಾಯುತ್ತಿದ್ದ ಟಿಮ್ ಥಾಮಸನ ಮೈಯನ್ನು ದಾಟಿ ಒಂದೂ ಒಳಗೆ ಹೋಗಲಿಲ್ಲ. ನಾಲ್ಕಕ್ಕೆ ಸೊನ್ನೆ. ಎಂಟು ಗಂಟೆಯೂ ಆಗಿರಲಿಲ್ಲ. ಅಲ್ಲಿ ಜೂನ್ ತಿಂಗಳಲ್ಲಿ ಒಂಬತ್ತು ದಾಟಿದ ಮೇಲೆ ಸೂರ್ಯಾಸ್ತ. ಬಾಸ್ಟನ್ನಿನವರು ಕಪ್ಪನ್ನು ತಲೆಯ ಮೇಲೆ ಎತ್ತಿಕೊಂಡು ಅಂಗಳದ ಸುತ್ತ ಜಾರುತ್ತಿರುವಾಗಲೇ ತೆರೆಯ ಮೇಲೆ ಬೇರೊಂದು ಚಿತ್ರ ಬಂದಿತು. ಹಗಲಿನ ಬೆಳಕಿನಲ್ಲೇ ಕಪ್ಪನೆಯ ಹೊಗೆ. ಮಗುಚಿ ಬಿದ್ದ ವಾಹನ. ಅದರ ಮೇಲೆ ನಿಂತು ಕುಣಿಯುತ್ತಿರುವ ಹುಡುಗರ ಮೈಮೇಲೆ ಅದೇ ನೀಲಿ ಅಂಗಿ.

ಮಗಳು ಫೋನು ಮಾಡಿದಳು. ಸಿಗಲಿಲ್ಲ. ಮತ್ತೆ ಮಾಡಿದಳು. ಸುಮಾರು ಒಂದೂವರೆ ಲಕ್ಷ ಜನ ಅಂದು ನಗರದ ನಡುಭಾಗದಲ್ಲಿ ಸೇರಿದ್ದರೆಂದು ಆಮೇಲೆ ವಿಚಾರಣೆಯ ವರದಿ ಹೇಳಿತು. ಆ ಒಂದೂವರೆ ಲಕ್ಷದಲ್ಲಿ ನಮಗೆ ಬೇಕಾದವನು ಒಬ್ಬ. ಹೊತ್ತಿ ಉರಿಯುವ ಪೋಲೀಸು ಕಾರುಗಳನ್ನು ತೋರಿಸಿದರು, ಗಾಜು ಒಡೆದು ಅಂಗಡಿಗೆ ನುಗ್ಗುವವರನ್ನು ತೋರಿಸಿದರು, ಅಶ್ರುವಾಯುವಿನ ಮೋಡವನ್ನು ತೋರಿಸಿದರು. ಪ್ರತಿಯೊಂದು ಗುಂಪಿನಲ್ಲೂ ನಾನು ಅವನ ಮುಖವನ್ನು ಹುಡುಕಿದೆ. ಕಾಣಬೇಕೆಂದೂ ಆಸೆ, ಕಾಣಬಾರದೆಂದೂ ಆಸೆ. ನನ್ನ ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಅಲ್ಲೇ ಕುಳಿತಳು. ಮಗಳು ನನ್ನ ಕಡೆ ತಿರುಗಿ ನೋಡಲಿಲ್ಲ. ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ರಾತ್ರಿ ಹನ್ನೆರಡೂವರೆಗೆ ಬಾಗಿಲ ಸದ್ದಾಯಿತು. ಕಣ್ಣು ಕೆಂಡದಂತಾಗಿದ್ದುದನ್ನು ಬಿಟ್ಟರೆ ಅವನಿಗೆ ಏನೂ ಆಗಿರಲಿಲ್ಲ. ಅಜ್ಜಿ ಮೊಸರನ್ನ ಕಲಸಿ ಕೊಟ್ಟಳು. ತಟ್ಟೆ ನೋಡುತ್ತಲೇ ಉಂಡ. ಎಲ್ಲರೂ ಮಲಗಲು ಹೋದ ಮೇಲೆ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕುಳಿತ.

“ಮೊದಲನೆಯ ಟ್ರಕ್ಕನ್ನು ಮಗುಚಿಹಾಕಿದಾಗ ನಾವೆಲ್ಲ ಕೂಗಿದೆವು, ತಾತ.”

“ನಾವೆಲ್ಲ ಎಂದರೆ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ನಾನೂ ಕೂಗಿದೆ. ಫೋನಿನಲ್ಲಿ ಚಿತ್ರ ತೆಗೆದೆ. ಆಮೇಲೆ ಬೆಂಕಿ ಹತ್ತಿದಾಗ ಓಡಿಬಂದೆ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಕಳುಹಿಸಿದವನು ನಾನು. ಬೆರಳು ಕಚ್ಚಿದವನ ಪರ ತಲೆಯಾಡಿಸಿದವನೂ ನಾನೇ. ಭಟ್ಟನಾಯಕನ ಪ್ರೇಕ್ಷಕ ನಾಟಕ ಮುಗಿದೊಡನೆ ಎದ್ದು ಮನೆಗೆ ಹೋಗುತ್ತಾನೆ. ರಂಗದ ಮೇಲಿನ ಕ್ರೋಧ ಬೀದಿಗೆ ಇಳಿದರೆ ಏನಾಗುತ್ತದೆಂದು ನಾನು ಯಾವ ವರ್ಷವೂ ಪಾಠ ಹೇಳಿರಲಿಲ್ಲ. “ಮಲಗು, ಬೆಳಿಗ್ಗೆ ಮಾತನಾಡೋಣ” ಎಂದೆ.

ಬೆಳಿಗ್ಗೆ ನೋಡಿದರೆ ಅಳಿಯನ ಮುಖ ನುಣ್ಣಗಾಗಿತ್ತು. ಎರಡು ತಿಂಗಳ ಗಡ್ಡ ಹೋಗಿ ಅವನು ಹತ್ತು ವರ್ಷ ಚಿಕ್ಕವನಂತೆ, ಯಾರೋ ಬೇರೆಯವನಂತೆ ಕಂಡ. ದೂರದರ್ಶನದಲ್ಲಿ ಪೋಲೀಸು ಮುಖ್ಯಸ್ಥರು, ಇದು ಅಪರಾಧಿಗಳ, ಅರಾಜಕವಾದಿಗಳ ಕೃತ್ಯವೆಂದು ಹೇಳುತ್ತಿದ್ದರು. ನಿಜವಾದ ಅಭಿಮಾನಿಗಳು ಹೀಗೆ ಮಾಡುವವರಲ್ಲವೆಂದು ಊರೆಲ್ಲ ಹೇಳುತ್ತಿದ್ದಿತು. ನಿನ್ನೆ ಸಂಜೆ ಏಳೂವರೆಯವರೆಗೆ ಒಂದೂವರೆ ಲಕ್ಷ ಮಂದಿಯೂ ‘ನಾವು’. ಎಂಟು ಗಂಟೆಯಿಂದೀಚೆಗೆ ಅವರಲ್ಲಿ ಕೆಲವರು ‘ಅವರು’. ತಿಂಗಳುಗಳು ಕಳೆದಂತೆ ತಿಳಿದುಬಂದ ಸಂಗತಿ ಬೇರೆ. ಸುಮಾರು ಮುನ್ನೂರು ಮಂದಿಯ ಮೇಲೆ ಮೊಕದ್ದಮೆಗಳಾದವು. ಬಹುಪಾಲು ಜನ ತಪ್ಪೊಪ್ಪಿಕೊಂಡರು. ಅವರಲ್ಲಿ ಎಷ್ಟೋ ಮಂದಿ ಹಿಂದೆ ಯಾವ ಠಾಣೆಯನ್ನೂ ಕಾಣದವರು, ಓದುವ ಹುಡುಗರು, ಒಳ್ಳೆಯ ಮನೆಗಳ ಮಕ್ಕಳು. ಸಾಕ್ಷ್ಯ ಒದಗಿಸಿದ್ದು ಅವರೂ ಅವರ ಗೆಳೆಯರೂ ತೆಗೆದು ಹಂಚಿಕೊಂಡ ಚಿತ್ರಗಳೇ.

ಆ ಬೆಳಿಗ್ಗೆ ಅದೆಲ್ಲ ಇನ್ನೂ ಗೊತ್ತಿರಲಿಲ್ಲ. ಮೊಮ್ಮಗ ಎದ್ದವನೇ ಗ್ಯಾರೇಜಿನಲ್ಲಿ ಉದ್ದನೆಯ ಹಿಡಿಯ ಪೊರಕೆಯನ್ನು ಹುಡುಕುತ್ತಿದ್ದ. ಊರನ್ನು ಗುಡಿಸಲು ಜನ ಹೋಗುತ್ತಿದ್ದಾರೆಂದು ರಾತ್ರಿಯೇ ಸುದ್ದಿ ಹಬ್ಬಿತ್ತಂತೆ. “ನಾನೂ ಬರುತ್ತೇನೆ” ಎಂದೆ. ಮಗಳು ಆಗ ನನ್ನ ಮುಖ ನೋಡಿ, “ಷೂ ಹಾಕಿಕೊಂಡು ಹೋಗಿ ಅಣ್ಣ, ಗಾಜಿರುತ್ತೆ” ಎಂದಳು.

ನಾವು ಹೋಗುವ ವೇಳೆಗೆ ಗುಡಿಸಲು ಹೆಚ್ಚೇನೂ ಉಳಿದಿರಲಿಲ್ಲ. ಅಷ್ಟು ಜನ ಅಷ್ಟು ಬೇಗ ಬಂದುಬಿಟ್ಟ ಬೀದಿಯಲ್ಲಿ ಪೊರಕೆಗಳೇ ಕಸಕ್ಕಿಂತ ಹೆಚ್ಚಾಗಿದ್ದವು. ಸುಟ್ಟ ರಬ್ಬರಿನ ವಾಸನೆ ಮಾತ್ರ ಹೋಗಿರಲಿಲ್ಲ. ಮೊಮ್ಮಗ ಚರಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಗಾಜಿನ ಹರಳುಗಳನ್ನು ಒಂದೊಂದಾಗಿ ಆರಿಸಿದ. ಒಂದು ಪೋಲೀಸು ಕಾರಿನ ಮೈತುಂಬ ಜನ ವಂದನೆಯ ಚೀಟಿಗಳನ್ನು ಅಂಟಿಸುತ್ತಿದ್ದರು. ಜಾರ್ಜಿಯಾ, ಗ್ರಾನ್‌ವಿಲ್ ಬೀದಿಗಳು ಕೂಡುವಲ್ಲಿ ಹಡ್ಸನ್ಸ್ ಬೇ ಕಂಪೆನಿಯ ದೊಡ್ಡ ಅಂಗಡಿ. ಒಡೆದ ಕಿಟಕಿಗಳಿಗೆಲ್ಲ ಪ್ಲೈವುಡ್ ಹಲಗೆ ಹೊಡೆದಿದ್ದರು. ಆ ಹಲಗೆಗಳ ಮೇಲೆ ನೂರಾರು ಜನ ಬರೆಯುತ್ತಿದ್ದರು. ಇದು ನಮ್ಮ ಊರಲ್ಲ ಎಂದು ಕೆಲವರು, ಇದೇ ನಮ್ಮ ಊರು ಎಂದು ಕೆಲವರು, ಕ್ಷಮಿಸಿ ಎಂದು ಬಹುಮಂದಿ. ಯಾರೋ ಒಬ್ಬಾಕೆ ತನ್ನ ಸರದಿ ಮುಗಿಸಿ ಲೇಖನಿಯನ್ನು ಮೊಮ್ಮಗನ ಕೈಗಿತ್ತಳು.

ಅವನು ಬಹಳ ಹೊತ್ತು ನಿಂತ. ಹಿಂದಿದ್ದವರು ಕಾಯುತ್ತಿದ್ದರು. ಕಡೆಗೆ ಹಲಗೆಯ ಕೆಳಮೂಲೆಯಲ್ಲಿ, ಬೇರೆಯವರ ಬರಹದ ನಡುವಣ ಸಣ್ಣ ಜಾಗದಲ್ಲಿ, ತನ್ನ ಹೆಸರು ಬರೆದು, ಅದರ ಕೆಳಗೆ ‘ನಾನೂ ಇದ್ದೆ’ ಎಂಬರ್ಥದ ಮೂರು ಇಂಗ್ಲಿಷ್ ಪದಗಳನ್ನು ಬರೆದ. ಲೇಖನಿಯನ್ನು ನನಗೆ ಕೊಡಬಂದ. ನಾನು ತೆಗೆದುಕೊಂಡು, ಅವನ ಹೆಸರಿನ ಪಕ್ಕದಲ್ಲಿ ಕನ್ನಡದಲ್ಲಿ ನನ್ನ ಹೆಸರನ್ನೂ ಬರೆದೆ.

ಆ ಹಲಗೆಗಳಲ್ಲಿ ಕೆಲವನ್ನು ಆಮೇಲೆ ವ್ಯಾಂಕೂವರಿನ ವಸ್ತುಸಂಗ್ರಹಾಲಯದವರು ತೆಗೆದಿಟ್ಟುಕೊಂಡರೆಂದು ಓದಿದೆ. ನಮ್ಮದು ಅದರಲ್ಲಿ ಸೇರಿತೋ ಇಲ್ಲವೋ ವಿಚಾರಿಸಲು ಹೋಗಲಿಲ್ಲ. ಅಂಗಡಿಯೇ 2025ರಲ್ಲಿ ಮುಚ್ಚಿಹೋಯಿತು. ಸರದಾರ್‌ಜಿ ಈಗಿಲ್ಲ. ಮಲ್ಹೋತ್ರಾ ಆಟ ಬಿಟ್ಟು ತರಬೇತುದಾರನಾಗಿ, ವ್ಯಾಂಕೂವರಿನ ಪೂರ್ವಕ್ಕಿರುವ ಆಬಟ್ಸ್‌ಫರ್ಡ್ ಊರಿನಲ್ಲಿ ಕನಕ್ಸರ ಕಿರಿಯ ತಂಡವನ್ನು ಪಳಗಿಸಿದ. 2025ರ ಜೂನ್ ತಿಂಗಳಲ್ಲಿ ಆ ತಂಡ ಕಿರಿಯರ ಲೀಗಿನ ಕಾಲ್ಡರ್ ಕಪ್ಪನ್ನು ಗೆದ್ದಿತು. ಅಂದು ಮೈಸೂರಿನಲ್ಲಿ ನಾನು ಬೆಳಗಿನ ಕಾಫಿ ಕುಡಿಯುತ್ತಿರುವಾಗ ಫೋನು ಬಂದಿತು. ಮೊಮ್ಮಗನಿಗೆ ಈಗ ಮೂವತ್ತು. ಅವನ ಬೆನ್ನಹಿಂದೆ ಢೋಲಿನ ಸದ್ದು ಕೇಳುತ್ತಿದ್ದಿತು.

“ತಾತ, ಗೊತ್ತಾಯಿತಾ? ಗೆದ್ದೆವು!” ಎಂದ.

“ಯಾರೋ?” ಎಂದೆ ನಾನು, ಹಳೆಯ ಚಪಲಕ್ಕೆ.

“ನಾವು” ಎಂದ. ಅಜ್ಜಿಗೆ ಫೋನು ಕೊಡಿ ಎಂದ.